ಹೊಳೆಬಾಗಿಲ ಲಾಂಚು: ಶರಾವತಿಯನ್ನು ದಾಟಿಸಿದ ಒಂದು ನೌಕೆಯ ಕಥೆ

ನಮ್ಮ ಶರಣರ ಸಾಲಿನಲ್ಲಿ ಅಂಬಿಗರ ಚೌಡಯ್ಯನವರ ಹೆಸರನ್ನು ಕೇಳದವರು ವಿರಳ. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುತ್ತಲೇ ಅನುಭಾವದ ಎತ್ತರಕ್ಕೇರಿದ ಈ ಮಹನೀಯರು ತಮ್ಮ ವಚನಗಳಿಗೆ ಇಷ್ಟದೈವದ ಅಂಕಿತವನ್ನಿಡದೆ ತಮ್ಮ ಹೆಸರನ್ನೇ ಇಟ್ಟುಕೊಂಡರು. ಆ ಹೆಸರಿನಲ್ಲಿ ಅವರ ಕಾಯಕವೂ ಸೇರಿಕೊಂಡಿದೆ. ಈ ದಡದಲ್ಲಿ ನಿಂತವನನ್ನು ಆ ದಡಕ್ಕೆ ಮುಟ್ಟಿಸುವುದು ಕೀಳು ಕೆಲಸವೆಂದು ಬಗೆದವರ ಮುಂದೆ, ಅದೇ ಕೆಲಸವನ್ನು ತಲೆಯೆತ್ತಿ ಹೇಳಿಕೊಂಡ ಧೀರರು ಅವರು. ಅವರ ಹೆಸರಿನೊಡನೆ ನೆನೆಯಲಾಗುವ ಚೌಡದಾನಪುರ ತುಂಗಭದ್ರೆಯ ದಡದಲ್ಲಿದೆ. ನಮ್ಮ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಅಣೆಕಟ್ಟಿಗೆ ಸಿಲುಕಿ, ಅಲ್ಲಿಂದ ಬಿಡುಗಡೆ ಪಡೆದು, ಕೂಡಲಿಯಲ್ಲಿ ತುಂಗೆಯನ್ನು ಕೂಡಿ ಹರಿಯುವ ಭದ್ರೆಯ ನೀರೇ ಆ ಊರಿನ ಮುಂದೆಯೂ ಸಾಗುತ್ತದೆ.

ಈ ಸಂಚಿಕೆಯಲ್ಲಿ ನಾವು ಓದುಗರ ಮುಂದಿಡಲು ಬಯಸುವುದು ಅಂತಹುದೇ ಕಾಯಕವನ್ನು ನಮ್ಮ ಕಾಲದಲ್ಲಿ ನಡೆಸಿದ ಒಂದು ನೌಕೆಯ ಕಥೆಯನ್ನು. ಸಾಗರ ತಾಲ್ಲೂಕಿನಲ್ಲಿ ಲಿಂಗನಮಕ್ಕಿ ಜಲಾಶಯದ ಹಿನ್ನೀರನ್ನು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ದಾಟಿಸುತ್ತಿದ್ದ, ಜನರ ಬಾಯಲ್ಲಿ ‘ಹೊಳೆಬಾಗಿಲ ಲಾಂಚು’, ‘ಸಿಗಂದೂರು ಲಾಂಚು’ ಎಂದು ಹೆಸರಾದ ನೌಕೆ ಅದು. ಕಡೂರು, ತರೀಕೆರೆ, ಅಜ್ಜಂಪುರಗಳ ಎಷ್ಟೋ ಮನೆಗಳವರು ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆಂದು ಶಿವಮೊಗ್ಗ, ಸಾಗರಗಳನ್ನು ಹಾದು ಹೋದವರು. ಆ ಲಾಂಚಿನಲ್ಲಿ ನಿಂತು ಮಕ್ಕಳಿಗೆ ನೀರು ತೋರಿಸಿದವರು. ನಮ್ಮ ಕಡೆಯ ಅಡಿಕೆ, ತೆಂಗಿನ ತೋಟಗಳ ಬೇಲಿಯಲ್ಲಿಯೂ ಆ ದೇವಿಯ ಕಾವಲಿನ ಫಲಕಗಳು ಕಾಣಸಿಗುತ್ತವೆ. ಆದರೆ ಆ ನೀರು ಅಲ್ಲಿ ಏಕೆ ನಿಂತಿತು, ಆ ಲಾಂಚು ಏಕೆ ಬೇಕಾಯಿತು, ಅದರಲ್ಲಿ ನಿತ್ಯ ಓಡಾಡಿದವರ ಬಾಳು ಎಂತಹುದು ಎಂಬುದನ್ನು ಯಾತ್ರಿಕರಾದ ನಾವು ಕೇಳಿದ್ದು ಕಡಮೆ.

ನದಿಯು ಸರೋವರವಾದ ಬಗೆ

ತೀರ್ಥಹಳ್ಳಿಯ ಸಮೀಪದ ಅಂಬುತೀರ್ಥದಲ್ಲಿ ಶರಾವತಿಯ ಉಗಮ. ಸೀತೆಯ ನೀರಡಿಕೆಯನ್ನು ತಣಿಸಲು ಶ್ರೀರಾಮನು ಬಾಣ ಹೂಡಿ ನೆಲದಿಂದ ನೀರು ಚಿಮ್ಮಿಸಿದನೆಂಬುದು ಅಲ್ಲಿಯ ಐತಿಹ್ಯ. ಅಲ್ಲಿಂದ ಹೊರಟ ನದಿ ಜೋಗದಲ್ಲಿ 830 ಅಡಿಗಳಷ್ಟು ಕೆಳಕ್ಕೆ ಧುಮುಕಿ, ಗೇರುಸೊಪ್ಪೆಯನ್ನು ಹಾದು, ಹೊನ್ನಾವರದಲ್ಲಿ ಕಡಲನ್ನು ಸೇರುತ್ತದೆ. ಅದರ ಒಟ್ಟು ಹರಿವು ಸುಮಾರು 128 ಕಿಲೋಮೀಟರ್. ಈ ಸೀಮೆಯನ್ನು ಆಳಿದ ಕೆಳದಿಯ ಅರಸರು ವೀರಶೈವ ಧರ್ಮಾನುಯಾಯಿಗಳು. ಕೆಳದಿ, ಇಕ್ಕೇರಿ, ಬಿದನೂರುಗಳು ಒಂದರ ನಂತರ ಒಂದು ಅವರ ರಾಜಧಾನಿಗಳಾದವು. ಸದಾಶಿವ ನಾಯಕರ ಹೆಸರಿನ ಕೆರೆಯಿಂದಲೇ ಸಾಗರ ಪಟ್ಟಣಕ್ಕೆ ಆ ಹೆಸರು ಬಂದಿದೆ. ಆದುದರಿಂದ ಶರಾವತಿಯ ಕಣಿವೆ ನಮ್ಮ ಸಮಾಜದ ಚರಿತ್ರೆಗೆ ಹೊರಗಿನದೇನೂ ಅಲ್ಲ.

ಈ ನದಿಯಿಂದ ವಿದ್ಯುತ್ತನ್ನು ಪಡೆಯುವ ಕಾರ್ಯ ಮೈಸೂರು ಸಂಸ್ಥಾನದ ಕಾಲದಲ್ಲಿಯೇ ಮೊದಲಾಯಿತು. ಹಿರೇಭಾಸ್ಕರ ಎಂಬಲ್ಲಿ ಒಂದು ಅಣೆಕಟ್ಟು ಎದ್ದಿತು. ಜೋಗದ ವಿದ್ಯುದಾಗಾರವು 1948ರಲ್ಲಿ ಕೆಲಸಕ್ಕೆ ತೊಡಗಿತು. ಅದೇ ಇಂದಿನ ಮಹಾತ್ಮಾ ಗಾಂಧಿ ವಿದ್ಯುದಾಗಾರ. ಆದರೆ ನಾಡಿನ ಬೇಡಿಕೆ ಅದರಿಂದ ತೀರಲಿಲ್ಲ. ಜೋಗಕ್ಕೆ ಸಮೀಪದ ಲಿಂಗನಮಕ್ಕಿಯಲ್ಲಿ ಸುಮಾರು 2.7 ಕಿಲೋಮೀಟರ್ ಉದ್ದದ, ಸಮುದ್ರಮಟ್ಟದಿಂದ 1819 ಅಡಿಗಳವರೆಗೆ ನೀರು ನಿಲ್ಲಿಸಬಲ್ಲ ದೊಡ್ಡ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದರ ನೀರು ತಳಕಳಲೆಯ ಜಲಾಶಯಕ್ಕೆ ಹರಿದು, ಅಲ್ಲಿಂದ ಕೊಳವೆಗಳಲ್ಲಿ ಇಳಿದು ಯಂತ್ರಗಳನ್ನು ತಿರುಗಿಸುತ್ತದೆ. 1965ರ ಜನವರಿಯಲ್ಲಿ ಪ್ರಧಾನಮಂತ್ರಿ ಲಾಲ್ ಬಹಾದುರ್ ಶಾಸ್ತ್ರಿಯವರು ಈ ಯೋಜನೆಯನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಕ್ರಮೇಣ ಹತ್ತು ಯಂತ್ರಗಳು ಸೇರಿ 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ಸಿದ್ಧವಾಯಿತು. ಬಹುಕಾಲ ಕರ್ನಾಟಕದ ದೀಪಗಳಿಗೆ ಅದೇ ಮುಖ್ಯ ಆಸರೆ.

ಜಲಾಶಯದ ಧಾರಣಶಕ್ತಿ 151 ಟಿ.ಎಂ.ಸಿ. ಅಡಿಗಳಿಗೂ ಮಿಕ್ಕಿದ್ದು. ನಮ್ಮ ಭದ್ರಾ ಜಲಾಶಯದ್ದು 71.5. ಅಂದರೆ ಲಕ್ಕವಳ್ಳಿಯಲ್ಲಿ ನಾವು ಕಂಡು ಬೆರಗಾಗುವ ನೀರಿನ ಎರಡರಷ್ಟಕ್ಕಿಂತಲೂ ಅಧಿಕ ಎಂದು ಓದುಗರು ಊಹಿಸಿಕೊಳ್ಳಬಹುದು. ಅಷ್ಟು ನೀರಿಗೆ ಜಾಗ ಬೇಕಷ್ಟೆ. ಆ ಜಾಗವನ್ನು ಕೊಟ್ಟವು ಕಣಿವೆಯ ಊರುಗಳು, ಗದ್ದೆಗಳು, ಅಡಿಕೆ ತೋಟಗಳು, ದೇವಸ್ಥಾನಗಳು, ಹಿರಿಯರ ಸಮಾಧಿಗಳು. ಹಳೆಯ ಹಿರೇಭಾಸ್ಕರ ಅಣೆಕಟ್ಟು ಕೂಡ ಹೊಸ ನೀರಿನೊಳಗೆ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ಅದು ಇಂದಿಗೂ ತಲೆ ಹೊರಹಾಕಿ ಕಾಣಿಸಿಕೊಳ್ಳುತ್ತದೆ.

ಮನೆ ಕಳೆದುಕೊಂಡವರು ಗಂಟುಮೂಟೆ ಕಟ್ಟಿ ಬೇರೆ ಬೇರೆ ಕಡೆ ಹೋದರು. ಎತ್ತರದಲ್ಲಿದ್ದುದರಿಂದ ಮುಳುಗದೆ ಉಳಿದ ಕರೂರು ಮತ್ತು ಬಾರಂಗಿ ಹೋಬಳಿಗಳ ಜನರಿಗೆ ಒದಗಿದ ಕಷ್ಟ ಇನ್ನೊಂದು ಬಗೆಯದು. ಅವರ ಮನೆ ಉಳಿಯಿತು, ದಾರಿ ಉಳಿಯಲಿಲ್ಲ. ಒಂದು ಕಡೆ ಹಿನ್ನೀರು, ಮತ್ತೊಂದು ಕಡೆ ಘಟ್ಟದ ದಟ್ಟ ಕಾಡು. ತಾಲ್ಲೂಕಿನ ಕೇಂದ್ರವಾದ ಸಾಗರಕ್ಕೆ ನೆಲದ ಮೇಲೆಯೇ ಹೋಗಬೇಕೆಂದರೆ ಸುಮಾರು 80 ಕಿಲೋಮೀಟರ್ ಸುತ್ತಬೇಕಾಯಿತು. ನಾಡಿಗೆಲ್ಲ ಬೆಳಕು ಕೊಟ್ಟವರು ತಾವೇ ದ್ವೀಪವಾಸಿಗಳಂತಾದರು. ಹೊಳೆಬಾಗಿಲಿನ ಕಡವಿಗೆ ಲಾಂಚು ಬಂದುದು ಈ ಕಾರಣದಿಂದ.

ಹಬೆಯ ಹಡಗು, ಡೀಸೆಲ್ ಲಾಂಚು

ಸರೋವರಗಳಲ್ಲಿ ಜನರನ್ನು ಸಾಗಿಸುವ ಯಂತ್ರನೌಕೆಗಳಿಗೆ ದೊಡ್ಡದೊಂದು ಚರಿತ್ರೆಯಿದೆ. ಅದರ ಆದಿಯಲ್ಲಿರುವುದು ಹಬೆಯಂತ್ರ. ಕೊಪ್ಪರಿಗೆಯಲ್ಲಿ ನೀರನ್ನು ಕುದಿಸಿ, ಹಬೆಯ ಒತ್ತಡದಿಂದ ಕೊಂತವನ್ನು ಹಿಂದುಮುಂದಾಗಿ ದೂಡಿ, ಆ ಚಲನೆಯಿಂದ ನೀರಿನೊಳಗಿನ ಚಕ್ರವನ್ನು ತಿರುಗಿಸುವ ಉಪಾಯವದು. ನಾರ್ವೆ ದೇಶದ ಮ್ಯೋಸ ಸರೋವರದಲ್ಲಿ 1856ರಲ್ಲಿ ತೇಲಿಬಿಟ್ಟ ‘ಸ್ಕಿಬ್ಲಾಡ್ನರ್’ ಎಂಬ ಚಕ್ರನೌಕೆ ತನ್ನ ನೂರೈವತ್ತನೆಯ ವರ್ಷವನ್ನು ದಾಟಿದ ಮೇಲೆಯೂ ಬೇಸಗೆಯಲ್ಲಿ ಪ್ರಯಾಣಿಕರನ್ನು ಕರೆದೊಯ್ಯುತ್ತಿತ್ತು. ನ್ಯೂಜಿಲೆಂಡಿನ ವಾಕಟಿಪು ಸರೋವರದ ‘ಅರ್ನ್‌ಸ್ಲಾ’ 1912ರದು. ಅದನ್ನು ಡನೀಡಿನ್ ಪಟ್ಟಣದಲ್ಲಿ ಕಟ್ಟಿ, ಬಿಡಿಸಿ, ರೈಲಿನಲ್ಲಿ ಸಾಗಿಸಿ, ಸರೋವರದ ದಡದಲ್ಲಿ ಮತ್ತೆ ಜೋಡಿಸಿದರು. ನೂರು ವರ್ಷಗಳಾದ ಮೇಲೂ ಅದು ಕಲ್ಲಿದ್ದಲಿನಲ್ಲಿಯೇ ನಡೆಯಿತು.

ಇವೆಲ್ಲಕ್ಕಿಂತ ಸೋಜಿಗವಾದುದು ದಕ್ಷಿಣ ಅಮೆರಿಕದ ಪೆರು ದೇಶದ ‘ಯಾವರಿ’ಯ ವೃತ್ತಾಂತ. ಟಿಟಿಕಾಕ ಸರೋವರ ಸಮುದ್ರಮಟ್ಟದಿಂದ ಹನ್ನೆರಡು ಸಾವಿರ ಅಡಿಗಳಿಗೂ ಎತ್ತರದಲ್ಲಿದೆ. ಇಂಗ್ಲೆಂಡಿನಲ್ಲಿ 1862ರಲ್ಲಿ ಸಿದ್ಧವಾದ ಆ ಹಡಗನ್ನು 2766 ತುಂಡುಗಳಾಗಿ ಕಳುಹಿಸಲಾಯಿತು. ಕರಾವಳಿಯಿಂದ ಬೆಟ್ಟದ ಮೇಲಕ್ಕೆ ಹೇಸರಗತ್ತೆಗಳ ಬೆನ್ನ ಮೇಲೆ ಆ ತುಂಡುಗಳು ಏರಬೇಕಾಯಿತು. ಅದು ನೀರಿಗಿಳಿದುದು 1870ರ ಡಿಸೆಂಬರಿನಲ್ಲಿ. ಅಲ್ಲಿ ಕಲ್ಲಿದ್ದಲಿಲ್ಲ, ಸೌದೆಯೂ ವಿರಳ; ಆದ್ದರಿಂದ ಲಾಮಾ ಎಂಬ ಪ್ರಾಣಿಯ ಒಣಗಿದ ಸಗಣಿಯನ್ನೇ ಒಲೆಗೆ ಹಾಕಿ ಹಡಗನ್ನು ನಡೆಸಿದರು. ಬೆರಣಿಯ ಬೆಂಕಿಯ ಕಾವನ್ನು ಬಲ್ಲ ನಮ್ಮ ಮನೆಗಳ ತಾಯಂದಿರಿಗೆ ಇದು ನಂಬಲಾಗದ ಸಂಗತಿಯೇನೂ ಆಗಲಾರದು.

ನಮ್ಮ ಸೀಮೆಗೆ ಹಬೆಯಂತ್ರ ಬಂದುದು ನೆಲದ ಮೇಲೆ. ಬೀರೂರಿನಿಂದ ತರೀಕೆರೆಯನ್ನು ಹಾದು ಶಿವಮೊಗ್ಗಕ್ಕೆ 1899ರಲ್ಲಿ ರೈಲು ಓಡಿತು. ಮುಂದೆ ಆ ಹಳಿ ಸಾಗರವನ್ನು ದಾಟಿ ತಾಳಗುಪ್ಪದವರೆಗೂ ಬೆಳೆಯಿತು. ನೀರಿನ ಮೇಲಾದರೋ ನಮ್ಮವರು ನೆಚ್ಚಿದ್ದು ಹರಿಗೋಲು, ತೆಪ್ಪ, ದೋಣಿಗಳನ್ನೇ. ಶರಾವತಿಯ ಕಣಿವೆ ತುಂಬುವ ವೇಳೆಗೆ ಲೋಕದಲ್ಲಿ ಹಬೆಯ ಯುಗ ಮುಗಿಯುತ್ತ ಬಂದಿತ್ತು. ಕೊಪ್ಪರಿಗೆ ಕಾಯಿಸಿ ಗಂಟೆಗಟ್ಟಲೆ ಕಾಯಬೇಕಾದ, ಬೆಂಕಿಯವನೊಬ್ಬನನ್ನು ಬೇರೆಯಾಗಿ ಬೇಡುವ ಯಂತ್ರಕ್ಕಿಂತ ತಕ್ಷಣ ಹೊರಡುವ ಡೀಸೆಲ್ ಯಂತ್ರವೇ ಇಂತಹ ಕಿರುದಾರಿಗೆ ತಕ್ಕುದು. ಆದ್ದರಿಂದ ಹೊಳೆಬಾಗಿಲಿನ ಲಾಂಚು ಡೀಸೆಲ್ಲಿನದಾಯಿತು. ಹಬೆಯ ಹಡಗುಗಳ ವಂಶದಲ್ಲಿ ಕಿರಿಯ ಕೂಸು ಎನ್ನೋಣ.

ಕಡವಿನ ದಿನಚರಿ

ಲಾಂಚನ್ನು ನೋಡದ ಓದುಗರಿಗಾಗಿ ಅದರ ರಚನೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಅಗಲವಾದ ಉಕ್ಕಿನ ಕಣದಂತಹ ಸಪಾಟು ಅಂಗಳ, ಸುತ್ತ ಕಂಬಿಗಳು, ಎತ್ತರದಲ್ಲಿ ಚಾಲಕನ ಕೋಣೆ. ತುದಿಯ ಉಕ್ಕಿನ ಹಲಗೆಯನ್ನು ದಡಕ್ಕೆ ಇಳಿಬಿಟ್ಟರೆ ಬಸ್ಸು, ಕಾರು, ಜೀಪುಗಳು ನೇರವಾಗಿ ಮೇಲೇರುವವು. ಹಲಗೆಯನ್ನು ಎತ್ತಿದರೆ ಹೊರಡಲು ಸಿದ್ಧ. ತಳ ಆಳವಾಗಿಲ್ಲದುದರಿಂದ ದಡದ ತೀರ ಹತ್ತಿರಕ್ಕೆ ಬಂದು ನಿಲ್ಲಬಲ್ಲುದು. ಜಲಾಶಯದ ನೀರು ಮಳೆಗಾಲದಲ್ಲಿ ಏರಿ ಬೇಸಗೆಯಲ್ಲಿ ಇಳಿಯುವುದರಿಂದ ದಡವೆಂಬುದು ಅಲ್ಲಿ ಸ್ಥಿರವಲ್ಲ. ನೀರು ಹಿಂದೆ ಸರಿದಂತೆ ಲಾಂಚು ನಿಲ್ಲುವ ಸ್ಥಳವೂ ಸರಿಯುತ್ತಿತ್ತು.

ಅಂಬಾರಗೋಡ್ಲಿನ ಕಡವೇ ಪ್ರಮುಖವಾದರೂ, ಹಸಿರುಮಕ್ಕಿ, ಮುಪ್ಪಾನೆಗಳಲ್ಲಿಯೂ ಇಂತಹ ಲಾಂಚುಗಳು ಹಿನ್ನೀರನ್ನು ದಾಟಿಸಿದವು. ಸರ್ಕಾರದ ಒಳನಾಡು ಜಲಸಾರಿಗೆಯ ಸಿಬ್ಬಂದಿ ಅವುಗಳನ್ನು ನಡೆಸಿದರು. ಶಾಲಾಕಾಲೇಜಿನ ಮಕ್ಕಳು, ಅಡಿಕೆ ಚೀಲ ಹೊತ್ತವರು, ಕಚೇರಿಯ ಕಾಗದ ಹಿಡಿದವರು, ಮದುವೆಯ ದಿಬ್ಬಣದವರು, ಹೆರಿಗೆಗೆ ತೌರಿಗೆ ಹೊರಟ ಹೆಣ್ಣುಮಕ್ಕಳು, ಹಾಲಿನ ಕ್ಯಾನುಗಳು, ಗ್ಯಾಸ್ ಸಿಲಿಂಡರುಗಳು, ಇವೆಲ್ಲ ಒಂದೇ ಅಂಗಳದ ಮೇಲೆ ನಿಂತು ಸಾಗಿದವು. ಸಂಕ್ರಾಂತಿಯ ಜಾತ್ರೆಯಲ್ಲಿ, ರಜೆಯ ದಿನಗಳಲ್ಲಿ ಯಾತ್ರಿಕರ ವಾಹನಗಳ ಸಾಲು ದಡದಿಂದ ಬಹುದೂರ ಬೆಳೆಯುತ್ತಿತ್ತು. ಆಗ ಊರಿನವರೂ ಆ ಸಾಲಿನ ಹಿಂದೆಯೇ ಕಾಯಬೇಕು. ನಮಗೆ ವಿಹಾರವಾದ ಗಳಿಗೆ ಅವರಿಗೆ ವಿಳಂಬದ ಗಳಿಗೆ.

ಲಾಂಚಿನ ಅಂಗಳದಲ್ಲಿ ಮೇಲುಕೀಳಿನ ಆಸನಗಳಿರಲಿಲ್ಲವೆಂಬುದನ್ನು ನಾವು ವಿಶೇಷವಾಗಿ ನೆನೆಯುತ್ತೇವೆ. ಕಾರಿನವನೂ ಕಾಲ್ನಡಿಗೆಯವನೂ ಒಂದೇ ಕಂಬಿಗೆ ಒರಗಿ ನಿಲ್ಲಬೇಕು. ಮಳೆ ಬಂದರೆ ಒಂದೇ ಮಳೆ, ಗಾಳಿ ಬಂದರೆ ಒಂದೇ ಗಾಳಿ. ಜಾತಿ, ಮತ, ಸಿರಿವಂತಿಕೆಗಳನ್ನು ಕೇಳದೆ ಎಲ್ಲರನ್ನೂ ಸಮನಾಗಿ ದಾಟಿಸುವ ಅಂಬಿಗನ ಧರ್ಮವನ್ನು ಆ ಉಕ್ಕಿನ ನೌಕೆ ಮಾತಿಲ್ಲದೆ ಪಾಲಿಸಿತು. ಮಳೆಗಾಲದ ಮಂಜಿನಲ್ಲಿ ಎದುರು ದಡ ಕಾಣದಿದ್ದಾಗಲೂ ನೂರಾರು ಜನರ ಜೀವವನ್ನು ಕೈಯಲ್ಲಿ ಹಿಡಿದು ನಡೆಸಿದ ಚಾಲಕರು ಮತ್ತು ಖಲಾಸಿಗಳ ಹೆಸರುಗಳು ಯಾವ ಶಿಲಾಫಲಕದಲ್ಲಿಯೂ ಇರುವುದಿಲ್ಲ. ಅವರದು ನಿಜವಾದ ಕಾಯಕ.

ಸಂಜೆ ಕಡೆಯ ಲಾಂಚು ಹೋದ ಮೇಲೆ

ಲಾಂಚಿಗೆ ಒಂದು ಮಿತಿಯಿತ್ತು. ಅದು ಹಗಲಿನ ನೌಕೆ. ಸಂಜೆಯ ಕಡೆಯ ಸರದಿ ಮುಗಿದ ಮೇಲೆ ತುಮರಿಯ ಕಡೆಯವರಿಗೆ ಸಾಗರದ ಬಾಗಿಲು ಮುಚ್ಚಿದಂತೆಯೇ ಸರಿ. ರಾತ್ರಿ ಹಾವು ಕಚ್ಚಿದರೆ, ಹೆರಿಗೆಯ ನೋವು ಕಾಣಿಸಿಕೊಂಡರೆ, ವೃದ್ಧರಿಗೆ ಎದೆನೋವು ಬಂದರೆ ಒಂದೋ ಕಾಡಿನ ಸುತ್ತುದಾರಿ ಹಿಡಿಯಬೇಕು, ಇಲ್ಲವೆ ಲಾಂಚಿನ ಸಿಬ್ಬಂದಿಯನ್ನು ಎಬ್ಬಿಸಿ ಬೇಡಿಕೊಳ್ಳಬೇಕು. ಅಂತಹ ಹೊತ್ತಿನಲ್ಲಿ ಮನೆಯವರು ಅನುಭವಿಸುವ ಸಂಕಟವನ್ನು ಬರೆದು ತಿಳಿಸಲಾಗದು. ಪಟ್ಟಣದಲ್ಲಿ ನಾವು ಗುಂಡಿ ಒತ್ತಿ ಹಚ್ಚುವ ದೀಪದ ಬೆಳಕಿಗೆ ಆ ಕತ್ತಲೆಯ ಋಣವಿದೆ.

ನೀರು ಹೆಚ್ಚಾದರೂ ತೊಂದರೆ, ಕಡಮೆಯಾದರೂ ತೊಂದರೆ. 2023ರ ಜೂನ್ ತಿಂಗಳಲ್ಲಿ ಮುಂಗಾರು ತಡವಾಗಿ ಜಲಾಶಯ ತೀರ ಕುಗ್ಗಿದಾಗ ಲಾಂಚಿನಲ್ಲಿ ವಾಹನಗಳನ್ನು ಸಾಗಿಸುವುದನ್ನು ನಿಲ್ಲಿಸಿ, ಜನರನ್ನು ಮಾತ್ರ ದಾಟಿಸಬೇಕಾಯಿತು.

ಈ ಮುಳುಗಡೆಯ ಬದುಕನ್ನು ಕನ್ನಡ ಸಾಹಿತ್ಯದಲ್ಲಿ ನಿಲ್ಲಿಸಿದವರು ಸಾಗರದ ನಾ. ಡಿಸೋಜಾ ಅವರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡ ಅವರು ‘ಮುಳುಗಡೆ’, ‘ದ್ವೀಪ’ ಮುಂತಾದ ಕಾದಂಬರಿಗಳನ್ನು ಬರೆದರು. ಏರುತ್ತಿರುವ ನೀರಿನ ನಡುವೆಯೂ ತಮ್ಮ ನೆಲವನ್ನು ಬಿಡಲಾರದ ಕುಟುಂಬವೊಂದರ ಕಥೆಯಾದ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು, ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ದೊರೆಯಿತು. 2014ರ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಡಿಸೋಜಾ ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಹೊಳೆಬಾಗಿಲಿನ ಸೇತುವೆ ತೆರೆದುದನ್ನು ಕಾಣಲು ಅವರಿರಲಿಲ್ಲ.

ಸೇತುವೆ ಬಂದಿತು

ದ್ವೀಪದ ಜನರು ದಶಕಗಳ ಕಾಲ ಬೇಡಿದ ಸೇತುವೆಗೆ 2018ರಲ್ಲಿ ಶಂಕುಸ್ಥಾಪನೆಯಾಯಿತು. ಉಕ್ಕಿನ ಹಗ್ಗಗಳಿಂದ ಎತ್ತಿ ಹಿಡಿದ ಎರಡು ಕಿಲೋಮೀಟರಿಗೂ ಮಿಕ್ಕಿದ ಉದ್ದದ, ಸುಮಾರು 470 ಕೋಟಿ ರೂಪಾಯಿಗಳ ವೆಚ್ಚದ ಆ ಸೇತುವೆಯನ್ನು 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಉದ್ಘಾಟಿಸಿದರು. ಲಾಂಚಿಗಾಗಿ ಗಂಟೆಗಟ್ಟಲೆ ಕಾದ ದಾರಿಯನ್ನು ವಾಹನಗಳು ಕೆಲವೇ ನಿಮಿಷಗಳಲ್ಲಿ ಕ್ರಮಿಸತೊಡಗಿದವು. ರಾತ್ರಿಯ ರೋಗಿಗೆ ದಾರಿ ದೊರೆಯಿತು. ಇದರಿಂದ ಸಂತೋಷಪಡದವರು ಯಾರು?

ಲಾಂಚು ಹೋಯಿತಲ್ಲ ಎಂದು ಹಳಹಳಿಸುವ ಯಾತ್ರಿಕರ ಮಾತು ನಮ್ಮ ಕಿವಿಗೂ ಬಿದ್ದಿದೆ. ಅದರಲ್ಲಿ ತಪ್ಪಿಲ್ಲ, ನೀರಿನ ಮೇಲಿನ ಆ ಮೆಲ್ಲನೆಯ ಪಯಣ ಮನಸ್ಸಿಗೆ ಹಿತವಾದುದೇ. ಆದರೆ ವರ್ಷಕ್ಕೊಮ್ಮೆ ದಾಟುವವನ ಹಿತವನ್ನು ದಿನಕ್ಕೆರಡು ಬಾರಿ ದಾಟುವವನ ಕಷ್ಟದೊಡನೆ ತೂಗಬಾರದು. ಆರು ದಶಕಗಳ ಬಳಿಕ ಅವರಿಗೆ ಹಿಂದಿರುಗಿದ್ದು ಅವರದೇ ದಾರಿ.

ಸೇತುವೆಯಿಂದ ಎಲ್ಲವೂ ತೀರಿತೆಂದು ಭಾವಿಸುವುದೂ ಸಲ್ಲದು. ಶರಾವತಿಯ ಸಂತ್ರಸ್ತರಲ್ಲಿ ಎಷ್ಟೋ ಕುಟುಂಬಗಳು ತಮಗೆ ತೋರಿಸಿದ ಭೂಮಿಯ ಹಕ್ಕುಪತ್ರಕ್ಕಾಗಿ ಮೂರು ತಲೆಮಾರುಗಳಿಂದ ಕಚೇರಿಗಳ ಮೆಟ್ಟಿಲು ಸವೆಸಿದ್ದಾರೆ. ಅರಣ್ಯ ಕಾಯ್ದೆಯ ತೊಡಕಿನಲ್ಲಿ ಆ ಪ್ರಶ್ನೆ ನ್ಯಾಯಾಲಯಗಳವರೆಗೂ ಹೋಗಿದೆ.

ನಮ್ಮ ನೀರು, ನಮ್ಮ ಋಣ

ಕಡೂರಿನ ಮದಗದ ಕೆರೆಯನ್ನು ಹಾಡಿ ಬೆಳೆದ ನಾಡು ನಮ್ಮದು. ಕೆರೆಯಲ್ಲಿ ನೀರು ನಿಲ್ಲಲು ಮನೆಯ ಸೊಸೆ ಬಲಿಯಾದ ‘ಕೆರೆಗೆ ಹಾರ’ದ ಕಥೆಯನ್ನು ಅಜ್ಜಿಯರ ಬಾಯಿಂದ ಕೇಳಿ ಕಣ್ಣೊರೆಸಿಕೊಂಡವರು ನಾವು. ಆ ಕಥೆ ಹಳೆಯ ಕಾಲಕ್ಕೆ ಮುಗಿದುಹೋಗಲಿಲ್ಲ. ನೀರು ನಿಂತಲ್ಲೆಲ್ಲ ಯಾರೋ ಒಬ್ಬರ ಮನೆ ಹಾರವಾಗಿದೆ. ಲಕ್ಕವಳ್ಳಿಯಲ್ಲಿ ಭದ್ರೆ ನಿಂತಾಗಲೂ ಊರುಗಳು ಎದ್ದುಹೋದವು. ಭದ್ರಾ ಅಭಯಾರಣ್ಯದ ಹುಲಿಗಳಿಗಾಗಿ ಕಾಡಿನೊಳಗಿನ ಹಳ್ಳಿಗಳವರು 2000ದ ದಶಕದ ಆದಿಯಲ್ಲಿ ಹೊರಬಂದು, ಹಲವರು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆನಿಂತರು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅಜ್ಜಂಪುರದ ಬಳಿ ಕೊರೆದ ಸುರಂಗದಿಂದ ನೀರು ಹರಿದು ಹಿರಿಯೂರಿನ ವಾಣಿವಿಲಾಸ ಸಾಗರವನ್ನು ಸೇರಿತು. 1933ರ ತರುವಾಯ ಕೋಡಿ ಕಾಣದಿದ್ದ ಆ ಜಲಾಶಯ 2022ರಲ್ಲಿ ಕೋಡಿ ಬಿದ್ದಿತು. ಮಳೆಯ ಕೃಪೆಯ ಜೊತೆಗೆ ಈ ನೀರೂ ಅದಕ್ಕೆ ನೆರವಾಯಿತು. ನೀರನ್ನು ಪಡೆದವರೂ, ನೀರಿಗೆ ನೆಲ ಕೊಟ್ಟವರೂ ನಮ್ಮ ನೆರೆಹೊರೆಯಲ್ಲಿಯೇ ಇದ್ದಾರೆ.

ದಾಸೋಹವೆಂದರೆ ಅನ್ನ ನೀಡುವುದಷ್ಟೇ ಎಂದು ಶರಣರು ತಿಳಿಯಲಿಲ್ಲ. ತನಗೆ ಬಂದುದು ಯಾರಿಂದ ಬಂದಿತೆಂಬ ಅರಿವೇ ಅದರ ಮೊದಲ ಮೆಟ್ಟಿಲು. ಆ ಅರಿವಿನಿಂದ ಓದುಗ ಕುಟುಂಬಗಳಿಗೆ ಎರಡು ಸೂಚನೆಗಳನ್ನು ಮುಂದಿಡುತ್ತೇವೆ. ಮುಂದಿನ ಬಾರಿ ಸಿಗಂದೂರಿಗೆ ಹೋದಾಗ ಸೇತುವೆಯ ಮೇಲೆ ಭಾವಚಿತ್ರ ತೆಗೆದುಕೊಂಡು ಮರಳಿಬಿಡದೆ, ತುಮರಿಯ ಹಿರಿಯರೊಬ್ಬರ ಜಗಲಿಯಲ್ಲಿ ಕುಳಿತು ನೀರಿನ ಕೆಳಗಿರುವ ಊರುಗಳ ಹೆಸರುಗಳನ್ನು ಮಕ್ಕಳಿಂದ ಬರೆಯಿಸಿಕೊಳ್ಳಿರಿ. ಹಾಗೆಯೇ ನಮ್ಮ ಲಕ್ಕವಳ್ಳಿಯ ಸುತ್ತಿನಲ್ಲಿ ಎದ್ದುಬಂದ ಮನೆಗಳ ಹಿರಿಯರಿದ್ದರೆ ಅವರ ನೆನಪುಗಳನ್ನೂ ದಾಖಲಿಸಿರಿ. ಇದಕ್ಕೆ ಹಣ ಬೇಕಿಲ್ಲ. ಒಂದು ನೋಟುಪುಸ್ತಕ ಮತ್ತು ಒಂದು ಮಧ್ಯಾಹ್ನ ಸಾಕು.

ಪೆರುವಿನ ‘ಯಾವರಿ’ ಗುಜರಿಗೆ ಹೋಗದೆ ಸಂಗ್ರಹಾಲಯವಾಗಿ ಉಳಿಯಿತು. ಹೊಳೆಬಾಗಿಲಿನ ಲಾಂಚುಗಳಲ್ಲಿ ಒಂದನ್ನಾದರೂ ದಡದಲ್ಲಿ ಹಾಗೆ ನಿಲ್ಲಿಸಿ, ಅದರ ಅಂಗಳದಲ್ಲಿ ಮುಳುಗಿದ ಊರುಗಳ ಹೆಸರುಗಳನ್ನೂ, ಅದನ್ನು ನಡೆಸಿದ ಚಾಲಕರು ಮತ್ತು ಖಲಾಸಿಗಳ ಹೆಸರುಗಳನ್ನೂ ಬರೆಯಿಸಿದರೆ ನಾಡಿಗೆ ಭೂಷಣ. ಚೌಡಯ್ಯನವರ ಹೆಸರು ಉಳಿಯಿತು, ಏಕೆಂದರೆ ಅವರೇ ಅದನ್ನು ತಮ್ಮ ವಚನದಲ್ಲಿ ಬರೆದಿಟ್ಟರು. ಶರಾವತಿಯ ಅಂಬಿಗರ ಹೆಸರನ್ನು ಬರೆದಿಡಬೇಕಾದವರು ಅವರು ದಾಟಿಸಿದ ನಾವು.